ಹೊಲಿಗೆ ಬಿಟ್ಟರೆ ಮತ್ತೆ ಉಚಿತ

ಜಿಪ್ಪಣ್ಣನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಆದರೆ ಅದು ಈಗ ಅವನ ಬ್ಯಾಂಕಿನ ಪಾಸ್‌ಬುಕ್ಕಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಹಲ್ಲು ಉದುರಿದ ಜಿಪ್ಪು, ಚಕ್ರ ಕಳಚಿದ ಟ್ರಾಲಿ, ಹಿಡಿ ಕಿತ್ತುಬಂದ ಬ್ಯಾಗು ಇವನ್ನೆಲ್ಲ ರಿಪೇರಿ ಮಾಡುತ್ತ ಮಾಡುತ್ತ ಅವನು ಬೀದಿಗೆಲ್ಲ ಜಿಪ್ಪಣ್ಣನಾಗಿಬಿಟ್ಟಿದ್ದ. ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಿಂದ ಜೋತುಬಿದ್ದ ಜಿಪ್ಪಿನ ಸುರುಳಿಗಳು, ಬಿಸ್ಕತ್ತಿನ ಡಬ್ಬಿಯ ತುಂಬ ಜಿಪ್ಪು ಎಳೆಯುವ ರನ್ನರುಗಳು ಮತ್ತು ಗಿರಾಕಿಗಳಿಗೆಂದು ಒಂದು ಉದ್ದನೆಯ ಬೆಂಚು. ಬೆಂಚಿನ ಮೇಲೆ ಗಿರಾಕಿಗಳು ಕೂರುವುದು ನಿಂತು ಬಹಳ ಕಾಲವಾಗಿತ್ತು. ಎದುರು ಸಾಲಿನ ಕನ್ನಡಕದಂಗಡಿಯವನು ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂತು ಪೇಪರು ಓದಿ ಎದ್ದುಹೋಗುತ್ತಿದ್ದ.

ಜನ ಈಗ ಹಳೆಯ ಬ್ಯಾಗನ್ನು ಎಸೆದು ಹೊಸದನ್ನು ಕೊಳ್ಳುತ್ತಾರೆ ಎಂಬುದು ಜಿಪ್ಪಣ್ಣನ ವಾದ. ಅವನ ಹೆಂಡತಿಗೆ ವಾದ ಬೇಕಿರಲಿಲ್ಲ.

"ನೋಡಿ, ಈ ತಿಂಗಳು ಮುಗಿಯೋದ್ರೊಳಗೆ ಆ ಬೆಂಚು ತುಂಬಿದ್ದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ದಿದ್ರೆ ಅಂಗಡಿ ಬಾಗಿಲು ಹಾಕಿ ಸುಮ್ನೆ ನಮ್ಮಣ್ಣನ ಗೋದಾಮಿಗೆ ಹೋಗಿ. ಮೇಲ್ವಿಚಾರಕನ ಕೆಲಸ ನಿಮಗೋಸ್ಕರ ಖಾಲಿ ಇಟ್ಕೊಂಡು ಕೂತಿದ್ದಾನೆ."

ಆ ಅಣ್ಣ, ಅಂದರೆ ಜಿಪ್ಪಣ್ಣನ ಭಾವ, ಪ್ಲಾಸ್ಟಿಕ್ ಬಕೆಟ್ಟುಗಳ ದೊಡ್ಡ ವ್ಯಾಪಾರಿ. ಒಂದೇ ಒಂದು ಬಕೆಟ್ಟಿನಿಂದ ಶುರುಮಾಡಿ ಗೋದಾಮು ಕಟ್ಟಿದ ಮಹಾನುಭಾವ. ಈ ಸಂಗತಿ ಇಷ್ಟು ಖಚಿತವಾಗಿ ಎಲ್ಲರಿಗೂ ತಿಳಿದಿರಲು ಕಾರಣ, ಅದನ್ನು ಅವರು ಆ ಮೊದಲ ಬಕೆಟ್ಟಿನ ಬಣ್ಣದಿಂದ ಹಿಡಿದು ದಿನವೂ ಯಾರಿಗಾದರೂ ಹೇಳುತ್ತಿದ್ದುದು. ಗೋದಾಮಿನ ಮೇಲ್ವಿಚಾರಕನ ಮುಖ್ಯ ಕೆಲಸವೇ ಅದನ್ನು ಕೇಳುವುದು. ಹಿಂದಿನ ಮೇಲ್ವಿಚಾರಕ ಕಿವಿಯ ತೊಂದರೆ ಎಂದು ಬರೆದುಕೊಟ್ಟು ಬಿಟ್ಟುಹೋಗಿದ್ದ. ಇಪ್ಪತ್ತು ವರ್ಷ ತನ್ನ ಅಂಗಡಿಯಲ್ಲಿ ತಾನೇ ರಾಜನಾಗಿ ಕೂತಿದ್ದ ಜಿಪ್ಪಣ್ಣನಿಗೆ ಆ ಗೋದಾಮು ನೆನಪಾದರೆ ಸಾಕು, ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಇನ್ನೊಂದು ಮಾತು," ಎಂದಳು ಹೆಂಡತಿ. "ಊರೋರ ಬ್ಯಾಗಿಗೆಲ್ಲ ಹಲ್ಲು ಕೂರಿಸ್ತೀರಿ. ನಮ್ಮ ಕೆಂಪು ಸೂಟ್‌ಕೇಸು ಬಾಯಿ ಬಿಟ್ಕೊಂಡು ಎಷ್ಟು ವರ್ಷ ಆಯ್ತು?"

"ನಾಳೆ ಮಾಡ್ತೀನಿ," ಎಂದ ಜಿಪ್ಪಣ್ಣ. ಈ ಉತ್ತರಕ್ಕೂ ಅಷ್ಟೇ ವರ್ಷವಾಗಿತ್ತು.

ಮುಳುಗುವವನಿಗೆ ಆಸರೆಯಾಗಿ ಒದಗಿಬಂದವರು ಮೇಲಿನ ಮನೆಯ ಸಲಹೆಗಾರರು. ಅವರು ಮೊದಲು ವಿಮೆ ಮಾಡಿಸುತ್ತಿದ್ದರು, ಆಮೇಲೆ ನೀರಿನ ಫಿಲ್ಟರ್ ಮಾರುತ್ತಿದ್ದರು, ಈಗ ಆನ್‌ಲೈನ್ ಮಾರ್ಕೆಟಿಂಗ್ ಸಲಹೆಗಾರರೆಂದು ಕಾರ್ಡು ಹೊಡೆಸಿದ್ದರು. ಅವರ ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪು ಹೋಗಿತ್ತು. ಜಿಪ್ಪಿಗೆ ಬದಲು ಸಲಹೆ ಎಂದು ಒಪ್ಪಂದವಾಯಿತು.

"ಎಲ್ರೂ ಹೋಗೋ ದೊಡ್ಡ ಸರ್ಚ್ ಇಂಜಿನ್ನಿಗೆ ನೀವು ಹೋದ್ರೆ ಸಮುದ್ರಕ್ಕೆ ಬಿದ್ದ ಸಾಸಿವೆ ಆಗ್ತೀರಿ, ಜಿಪ್ಪಣ್ಣೋರೇ. ಹೊಸದಾಗಿ ಶುರುವಾಗಿರೋದನ್ನ ಹಿಡೀಬೇಕು. ಬಸ್ಸು ಖಾಲಿ ಇರುವಾಗಲೇ ಸೀಟಿಗೆ ಕರ್ಚೀಫು ಹಾಕ್ಬೇಕು. 'ಎಲ್ಲಿದೆ' ಅಂತ ಒಂದು ಹೊಸ ಸರ್ಚ್ ಇಂಜಿನ್ ಬಂದಿದೆ. ನಮ್ಮ ಸುತ್ತಮುತ್ತಲಿನ ಅಂಗಡಿಗಳಿಗೆ ಅಂತಾನೇ ಮಾಡಿರೋದು. ಅದಕ್ಕೆ ಜೋಡಿ 'ಡಂಗುರ'. ನೀವು ಒಂದು ಸಲ ಬರೆದ್ರೆ ಸಾಕು, ಎಲ್ಲಾ ಸೋಷಿಯಲ್ ಮೀಡಿಯಾದಲ್ಲೂ ಅದೇ ಹೋಗಿ ಸಾರಿ ಬರುತ್ತೆ."

"ನಾನು ಏನ್ ಬರೀಬೇಕು?"

"ಕೀವರ್ಡ್! ಅದರಲ್ಲೇ ಎಲ್ಲಾ ಇರೋದು. ನಿಮಗೆ ಗೊತ್ತಿರೋ ಪದ ಹಾಕೋಕೆ ಹೋಗ್ಬೇಡಿ. ಜನ ಏನು ಹುಡುಕ್ತಾರೋ ಆ ಪದ ಹಾಕಿ. ಇಷ್ಟು ನೆನಪಿಟ್ಕೊಳ್ಳಿ, ಇನ್ನು ನಿಮ್ಮನ್ನ ಹಿಡಿಯೋರಿಲ್ಲ."

ಇಷ್ಟು ಹೇಳಿ ಸಲಹೆಗಾರರು ರಿಪೇರಿಯಾದ ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಬೇರೆ ಊರಿನಲ್ಲಿ ಮಾರ್ಕೆಟಿಂಗ್ ಸಮ್ಮೇಳನವಿದೆಯೆಂದು ಅದೇ ಸಂಜೆ ಹೊರಟುಹೋದರು. ದೊಡ್ಡ ದೊಡ್ಡ ಅನಾಹುತಗಳ ಹಿಂದೆ ಹೀಗೆ ಅರ್ಧ ಹೇಳಿ ಊರಿಗೆ ಹೋದವರೊಬ್ಬರು ಇದ್ದೇ ಇರುತ್ತಾರೆ.

ಮರುದಿನ ಮಧ್ಯಾಹ್ನ ಜಿಪ್ಪಣ್ಣ ಫೋನು ಹಿಡಿದು ಕೂತ. 'ಎಲ್ಲಿದೆ'ಯಲ್ಲಿ ಮೊದಲು 'ಜಿಪ್ಪು' ಎಂದು ಬರೆದ. ಈ ವಾರ ಅದನ್ನು ಹುಡುಕಿದವರು ಒಬ್ಬರು ಎಂದು ತೋರಿಸಿತು. ಆ ಒಬ್ಬರು ತಾನೇ, ಸ್ವಲ್ಪ ಹೊತ್ತಿನ ಮುಂಚೆ ಹುಡುಕಿದ್ದು ಎಂದು ಅವನಿಗೆ ನೆನಪಾಯಿತು. ಅದರ ಕೆಳಗೇ 'ನಿಮ್ಮ ಸುತ್ತಮುತ್ತ ಜನ ಹೆಚ್ಚು ಹುಡುಕುತ್ತಿರುವುದು' ಎಂಬ ಸಾಲು ಕಾಣಿಸಿತು: ಬಾಡಿಗೆ ಮನೆ, ಕೂದಲು ಉದುರುವಿಕೆ, ವಿಚ್ಛೇದನ, ಕಳೆದುಹೋದ ಬೆಕ್ಕು. ಸಲಹೆಗಾರರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಜನ ಹುಡುಕುವ ಪದ! ಕೊನೆಗೆ 'ಎಲ್ಲವನ್ನೂ ಸೇರಿಸಿ' ಎಂಬ ಗುಂಡಿಯೂ ಇತ್ತು. ಜಿಪ್ಪಣ್ಣ ಒತ್ತಿದ. ಇಷ್ಟು ಜನ ಅಂಗಡಿಯ ಹೆಸರು ನೋಡಿದರೆ ಅವರಲ್ಲಿ ಒಬ್ಬನ ಜಿಪ್ಪಾದರೂ ಹೋಗಿರುವುದಿಲ್ಲವೇ ಎಂದುಕೊಂಡ.

ಆಮೇಲೆ 'ಡಂಗುರ' ಅಂಗಡಿಯ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದಿತು. ಅವನು ತನ್ನ ಬೋರ್ಡಿನಲ್ಲಿದ್ದುದನ್ನೇ ನೋಡಿ ಬರೆದ: "ಬ್ಯಾಗ್ ರಿಪೇರಿಯೇ? ಚಿಂತೆ ಬಿಡಿ. ಇಪ್ಪತ್ತು ವರ್ಷಗಳ ಅನುಭವ. ನೀವು ಬೆಂಚಿನ ಮೇಲೆ ಕೂತಿರುವಾಗಲೇ ಮುಗಿಸಿಕೊಡಲಾಗುವುದು. ಹೊಲಿಗೆ ಬಿಟ್ಟರೆ ಮತ್ತೆ ಉಚಿತ." ನಗುವ ಫೋಟೋ ಒಂದನ್ನೂ ಸೇರಿಸಿದ. ಅದು ಮುಂದೆ ಏನೇನೋ ಅನುಮತಿ ಕೇಳಿತು. ಜಿಪ್ಪಣ್ಣ ಹುಟ್ಟಾ ಸಂಕೋಚದ ಮನುಷ್ಯ, ಕೇಳಿದವರಿಗೆ ಇಲ್ಲ ಅಂದು ಅಭ್ಯಾಸವಿಲ್ಲ. ಎಲ್ಲದಕ್ಕೂ 'ಹೌದು' ಒತ್ತಿದ. ಕೊನೆಯಲ್ಲಿ 'ಕಳಿಸುವ ಮುನ್ನ ಓದಿ ನೋಡುವಿರಾ?' ಎಂಬುದೊಂದು ಬಂತು. ಅಕ್ಷರ ಸಣ್ಣದಾಗಿತ್ತು, ಕಣ್ಣು ಉರಿಯುತ್ತಿತ್ತು. ಅದೊಂದಕ್ಕೆ ಮಾತ್ರ ಅವನು 'ಬೇಡ' ಎಂದ.

ಮರುದಿನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಒಬ್ಬ ಹೆಂಗಸು ಬಂದು ನಿಂತಿದ್ದರು. ಕೈಯಲ್ಲೊಂದು ಖಾಲಿ ಚೀಲ. ಬಾಗಿಲು ತೆಗೆದದ್ದೇ ತಡ, ಒಳಗೆ ಬಂದು ಬೆಂಚಿನ ಮೇಲೆ ಕೂತರು.

"ಎಲ್ಲಿ ಕೊಡಿ."

"ಏನು ಕೊಡ್ಲಮ್ಮ?"

"ನಮ್ಮ ಬೆಕ್ಕು. ಬೂದು ಬಣ್ಣದ್ದು. ಕೂತಿರುವಾಗಲೇ ಕೊಡ್ತೀವಿ ಅಂದಿದ್ರಲ್ಲ, ಕೂತಿದ್ದೀನಿ."

ಅಷ್ಟರಲ್ಲಿ ಒಬ್ಬ ಯುವಕ ಬಂದ. ಬಂದವನು ಮೊದಲು ಜಿಪ್ಪಣ್ಣನ ತಲೆ ನೋಡಿದ. ಅಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬಿದ್ದಿತ್ತು.

"ಇಪ್ಪತ್ತು ವರ್ಷದ ಅನುಭವ ಇರೋರು ನೀವೇನಾ?"

"ನಾನೇ," ಎಂದ ಜಿಪ್ಪಣ್ಣ ಹೆಮ್ಮೆಯಿಂದ.

"ಮತ್ತೆ ಇದು ಹಿಂಗ್ಯಾಕಾಯ್ತು?"

"ಯಾವುದು?" ಎಂದು ಜಿಪ್ಪಣ್ಣ ತಲೆ ಕೆರೆದುಕೊಂಡ. ಯುವಕ ನಿಟ್ಟುಸಿರು ಬಿಟ್ಟು, ಬಂದದ್ದಾಯಿತಲ್ಲ ಎಂದು ಬೆಕ್ಕಿನಮ್ಮನ ಪಕ್ಕ ಕೂತ. ಅವನ ಹಿಂದೆ ದೊಡ್ಡ ದೊಡ್ಡ ಗಂಟುಮೂಟೆ ಹೊತ್ತ ಒಂದು ಸಂಸಾರ ಒಳಗೆ ಬಂತು. ಯಜಮಾನರು ಗೋಡೆ ತಟ್ಟಿ ನೋಡಿದರು. ಅವರ ಮನೆಯಾಕೆ ಯಂತ್ರದ ಹಿಂದೆ ಇಣುಕಿ, "ಅಡುಗೆಮನೆ ಬೇರೆ ಇಲ್ವಾ? ಇಷ್ಟೇನಾ?" ಎಂದರು. ಅಂಗಡಿಗೆ ಅಡುಗೆಮನೆ ಏಕೆ ಎಂದು ಜಿಪ್ಪಣ್ಣನಿಗೆ ಹೊಳೆಯಲಿಲ್ಲ. ಆದರೂ ಗಿರಾಕಿಯ ಮನಸ್ಸು ನೋಯಿಸಬಾರದೆಂದು, "ಪಕ್ಕದಲ್ಲಿ ಕಾಫಿ ಸಿಗುತ್ತೆ," ಎಂದ.

ಕೊನೆಗೆ ಬಂದವರು ಒಬ್ಬ ಗಂಡ, ಒಬ್ಬ ಹೆಂಡತಿ. ಇಬ್ಬರ ನಡುವೆ ಒಂದು ಟ್ರಾಲಿ ಸೂಟ್‌ಕೇಸು, ಅದಕ್ಕೆ ಒಂದು ಚಕ್ರವಿರಲಿಲ್ಲ. ಗಂಡ ಬೆಂಚಿನ ಈ ತುದಿಗೆ, ಹೆಂಡತಿ ಆ ತುದಿಗೆ ಕೂತರು. ಉಳಿದವರು ಮಧ್ಯದಲ್ಲಿ ಒತ್ತರಿಸಿಕೊಂಡರು.

"ಎಷ್ಟು ಹೊತ್ತಾಗುತ್ತೆ?" ಎಂದ ಗಂಡ.

ಜಿಪ್ಪಣ್ಣ ಚಕ್ರವಿಲ್ಲದ ಕಡೆ ನೋಡಿ, "ಇದೇನ್ ಮಹಾ, ಒಂದು ಕಾಫಿ ಕುಡಿಯೋಷ್ಟು ಹೊತ್ತು," ಎಂದ.

"ಅಷ್ಟು ಸುಲಭಾನಾ?" ಎಂದಳು ಹೆಂಡತಿ. ಅವಳ ದನಿ ಯಾಕೋ ಸಣ್ಣಗಾಯಿತು.

ಅಷ್ಟರಲ್ಲಿ ಪೇಪರು ಓದಲು ಬಂದ ಕನ್ನಡಕದಂಗಡಿಯವನಿಗೆ ಬೆಂಚಿನಲ್ಲಿ ಜಾಗ ಸಿಗಲಿಲ್ಲ. ಅವನು ಜಿಪ್ಪಣ್ಣನನ್ನು ಹೊರಗೆ ಎಳೆದುಕೊಂಡು ಹೋಗಿ, ತನ್ನ ಫೋನಿನಲ್ಲಿದ್ದುದನ್ನು ಓದಿ ಹೇಳಿದ: "ಬಾಡಿಗೆ ಮನೆಯೇ? ಚಿಂತೆ ಬಿಡಿ. ಕಳೆದುಹೋದ ಬೆಕ್ಕೇ? ಚಿಂತೆ ಬಿಡಿ. ಕೂದಲು ಉದುರುವಿಕೆಯೇ? ಚಿಂತೆ ಬಿಡಿ. ವಿಚ್ಛೇದನವೇ? ಚಿಂತೆ ಬಿಡಿ. ಇಪ್ಪತ್ತು ವರ್ಷಗಳ ಅನುಭವ. ನೀವು ಬೆಂಚಿನ ಮೇಲೆ ಕೂತಿರುವಾಗಲೇ ಮುಗಿಸಿಕೊಡಲಾಗುವುದು. ಹೊಲಿಗೆ ಬಿಟ್ಟರೆ ಮತ್ತೆ ಉಚಿತ. ಏನಪ್ಪಾ ಜಿಪ್ಪಣ್ಣ, ಇದೆಲ್ಲ ಯಾವಾಗ ಕಲಿತೆ?"

'ಡಂಗುರ' ಬಹಳ ಬುದ್ಧಿವಂತ ಸಾಧನವಾಗಿತ್ತು. 'ಬ್ಯಾಗ್ ರಿಪೇರಿ' ಎಂಬುದನ್ನು ಎತ್ತಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಒಂದೊಂದೇ ಕೀವರ್ಡನ್ನು ಕೂರಿಸಿ, ಪ್ರತಿಯೊಂದರ ಜೊತೆಗೂ ಜಿಪ್ಪಣ್ಣನ ನಗುವ ಮುಖವನ್ನು ಅಂಟಿಸಿ ಊರೆಲ್ಲ ಸಾರಿತ್ತು. ಜಿಪ್ಪಣ್ಣ ನೆಟ್ಟಗೆ ಒಳಗೆ ಹೋಗಿ ಕೈಮುಗಿದು ತಪ್ಪಾಯಿತೆಂದು ಎಲ್ಲರನ್ನೂ ಕಳಿಸಿಬಿಡಬೇಕೆಂದು ತಿರುಗಿದ. ಆಗ ಕಣ್ಣಿಗೆ ಬಿದ್ದದ್ದು ಬೆಂಚು. ಈ ತುದಿಯಿಂದ ಆ ತುದಿಯವರೆಗೆ ತುಂಬಿದ್ದ ಬೆಂಚು! ಹೆಂಡತಿ ಕಣ್ಣಾರೆ ನೋಡಬೇಕೆಂದಿದ್ದ ಬೆಂಚು. ಅವಳು ಬಂದು ನೋಡುವವರೆಗೆ ಇವರು ಏಳದಂತೆ ನೋಡಿಕೊಂಡರೆ ಸಾಕು, ಗೋದಾಮಿನ ಗಂಡಾಂತರ ತಪ್ಪಿತು.

ಅವನು ಹೆಂಡತಿಗೆ ಫೋನು ಮಾಡಿದ. "ಬೇಗ ಬಾರೇ ಅಂಗಡಿಗೆ!"

"ಬರ್ತಾ ಇದ್ದೀನಿ," ಎಂದಳು ಅವಳು. "ಅಮ್ಮನೂ ಬರ್ತಾ ಇದ್ದಾಳೆ. ಅಣ್ಣನೂ ಬರ್ತಾ ಇದ್ದಾನೆ."

ದನಿ ಮಂಜುಗಡ್ಡೆಯಂತಿತ್ತು. ಜಿಪ್ಪಣ್ಣನಿಗೆ ಅದು ತಿಳಿಯಲಿಲ್ಲ. ಮನೆಮಂದಿಯೆಲ್ಲ ತನ್ನ ಏಳಿಗೆ ನೋಡಲು ಬರುತ್ತಿದ್ದಾರೆಂದು ಅವನ ಎದೆ ಉಬ್ಬಿತು. ಒಳಗೆ ಓಡಿ ಒಬ್ಬೊಬ್ಬರನ್ನೇ ಹಿಡಿದು ಕೂರಿಸತೊಡಗಿದ. ಬೆಕ್ಕಿನಮ್ಮನಿಗೆ, "ದಾರೀಲಿದೆ, ಬರ್ತಾ ಇದೆ," ಎಂದ. ಮನೆ ಹುಡುಕುವವರಿಗೆ, "ಬೆಳಕು ಮಧ್ಯಾಹ್ನ ಚೆನ್ನಾಗಿ ಬರುತ್ತೆ, ನೋಡ್ಕೊಂಡೇ ಹೋಗಿ," ಎಂದ. ಗಂಡಹೆಂಡಿರಿಗೆ, "ಇಂಥ ಕೆಲಸಕ್ಕೆ ಆತುರ ಇರಬಾರ್ದು. ಕೂತು ಯೋಚನೆ ಮಾಡಿ," ಎಂದ. ಅಂದು ಅವನು ಆಡಿದ ಮಾತುಗಳಲ್ಲಿ ನಿಜವಾಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಟೋಪಿ ಹಾಕಿಕೊಂಡ ಅಧಿಕಾರಿಯೊಬ್ಬರು ಒಳಗೆ ಬಂದರು. ನಗರಸಭೆಯ ಆರೋಗ್ಯ ವಿಭಾಗದವರು. ಅಂಗಡಿಯ ನಾಲ್ಕೂ ಮೂಲೆಗಳನ್ನು ಗಂಭೀರವಾಗಿ ನೋಡಿದರು.

"ಚಿಕಿತ್ಸೆ ಕೊಡೋಕೆ ಲೈಸೆನ್ಸ್ ಎಲ್ಲಿ?"

"ಯಾವ ಚಿಕಿತ್ಸೆ ಸ್ವಾಮಿ?"

"ಕೂದಲಿಗೆ ಹೊಲಿಗೆ ಹಾಕ್ತೀರಂತೆ. ನಮಗೆ ವರದಿ ಬಂದಿದೆ. ಯಾವ ದಾರ ಬಳಸ್ತೀರಿ?"

"ನೈಲಾನ್," ಎಂದ ಜಿಪ್ಪಣ್ಣ. ಪಾಪ, ಕೇಳಿದ್ದಕ್ಕೆ ಉತ್ತರ ಹೇಳುವುದು ಅವನ ಸ್ವಭಾವ.

ಬೆಂಚಿನ ಮೇಲಿದ್ದ ಯುವಕ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಅಧಿಕಾರಿ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ಟೋಪಿಯನ್ನು ಸ್ವಲ್ಪವೇ ಎತ್ತಿ ಪಿಸುಗುಟ್ಟಿದರು: "ನಿಲ್ಲುತ್ತಾ?"

ಇದಕ್ಕೆ ಉತ್ತರ ಹೇಳುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಮುಂದೆ ಅತ್ತೆ, ಹಿಂದೆ ಭಾವ, ನಡುವೆ ಹೆಂಡತಿ. ಹೆಂಡತಿಯ ಕೈಯಲ್ಲಿ ಕೆಂಪು ಸೂಟ್‌ಕೇಸು. ಅದರ ಸೊಂಟಕ್ಕೆ ಹಗ್ಗ ಬಿಗಿದಿತ್ತು, ತೆರೆದ ಬಾಯಿಂದ ಒಂದು ಅಂಗಿಯ ತೋಳು ಹೊರಗೆ ಜೋಲಾಡುತ್ತಿತ್ತು.

"ಬಂದ್ಯಾ! ನೋಡು, ಬೆಂಚು ನೋಡು!" ಎಂದ ಜಿಪ್ಪಣ್ಣ.

"ಅಳಿಯಂದಿರೇ," ಎಂದರು ಅತ್ತೆ, "ನಮ್ಮ ಹುಡುಗೀಲಿ ಏನು ಕೊರತೆ ಕಂಡ್ರಿ?"

"ನಾನು ಒಂದೇ ಒಂದು ಬಕೆಟ್ಟಿಂದ ಶುರು ಮಾಡಿದೋನು ಕಣ್ರೀ," ಎಂದರು ಭಾವ. "ಅವತ್ತು ಕೂಡ ನನ್ನ ಹೆಂಡ್ತಿ ಜೊತೆಗಿದ್ಲು. ನೀಲಿ ಬಕೆಟ್ಟು ಅದು..."

"ಅಣ್ಣಾ, ಸುಮ್ನಿರು," ಎಂದು ಹೆಂಡತಿ ಫೋನು ತೆಗೆದಳು. ಅನುಮತಿ ಪಡೆದಿದ್ದ 'ಡಂಗುರ' ಜಿಪ್ಪಣ್ಣನ ಫೋನಿನಲ್ಲಿದ್ದ ಎಲ್ಲ ಹೆಸರುಗಳಿಗೂ ಸಂದೇಶ ಮುಟ್ಟಿಸಿತ್ತು. ಆ ಸಾಲಿನಲ್ಲಿ ಮೊದಲ ಹೆಸರೇ ಅತ್ತೆಯದು. "ವಿಚ್ಛೇದನವೇ? ಚಿಂತೆ ಬಿಡಿ. ಇಪ್ಪತ್ತು ವರ್ಷಗಳ ಅನುಭವ," ಎಂದು ಅವಳು ಓದಿದಳು. "ನಮ್ಮ ಮದುವೆ ಆಗಿ ಇಪ್ಪತ್ತು ವರ್ಷ. ಇದೇನಾ ರೀ ನಿಮ್ಮ ಅನುಭವ? ಪಕ್ಕದಲ್ಲಿ ಹಲ್ಲು ಕಿರಿಯೋ ಫೋಟೋ ಬೇರೆ!"

ಬೆಕ್ಕಿನಮ್ಮ ಬೆಕ್ಕನ್ನು ಮರೆತರು. ಅಧಿಕಾರಿ ಟೋಪಿ ಹಾಕಿಕೊಳ್ಳುವುದನ್ನು ಮರೆತರು.

ಜಿಪ್ಪಣ್ಣನಿಗೆ ಈಗ ಎಲ್ಲವೂ ಅರ್ಥವಾಯಿತು. ಬೆಂಚು, ಗೋದಾಮು ಎಲ್ಲ ತಲೆಯಿಂದ ಹಾರಿಹೋಗಿ ಆ ಕೆಂಪು ಸೂಟ್‌ಕೇಸು ಮಾತ್ರ ಉಳಿಯಿತು. "ಹೋಗ್ಬೇಡ ಕಣೇ," ಎಂದ.

"ನಾನ್ಯಾಕೆ ಹೋಗ್ಲಿ? ಮನೆ ನಾನು ನಡೆಸ್ತಿರೋದು. ಇದರಲ್ಲಿರೋದು ನಿಮ್ಮ ಸಾಮಾನು. ಅಣ್ಣನ ಗೋದಾಮಿನ ಹಿಂದೆ ಒಂದು ರೂಮಿದೆ, ಇವತ್ತಿಂದ ಅಲ್ಲೇ ಇರಿ, ಅಲ್ಲೇ ಕೆಲಸ ಮಾಡಿ. ನೇರ ಅಲ್ಲಿಗೇ ಕಳಿಸೋಣ ಅಂತಿದ್ದೆ, ಈ ಜಿಪ್ಪು ಹಾಕ್ಕೊಳ್ಳಲಿಲ್ಲ. ಮೊದಲು ಇದನ್ನ ರಿಪೇರಿ ಮಾಡಿ. ಆಮೇಲೆ ಹೊರಡಿ."

ಎಂದವಳೇ ಬೆಂಚಿನ ಕಡೆ ನಡೆದಳು. ಎಲ್ಲರೂ ಸರಿದು ಜಾಗ ಬಿಟ್ಟರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಗಂಡನ ಅಂಗಡಿಯಲ್ಲಿ ಗಿರಾಕಿಯಾಗಿ ಕೂತಳು.

ಪ್ರಪಂಚದಲ್ಲಿ ಯಾವ ಕುಶಲಕರ್ಮಿಗೂ ಇಂಥ ಇಕ್ಕಟ್ಟು ಬಂದಿರಲಾರದು. ರಿಪೇರಿ ಮಾಡಿದರೆ ಸೂಟ್‌ಕೇಸು ಮುಚ್ಚಿಕೊಳ್ಳುತ್ತದೆ, ಅವನು ಗೋದಾಮಿನ ಪಾಲಾಗುತ್ತಾನೆ. ಮಾಡದಿದ್ದರೆ, ಮನೆಯ ಒಂದು ಜಿಪ್ಪು ಹಾಕಲಾರದವನೆಂದು ಅತ್ತೆಯ ಮುಂದೆ, ನಗರಸಭೆಯ ಮುಂದೆ ಸಾಬೀತಾಗುತ್ತದೆ. ಜಿಪ್ಪಣ್ಣ ಹಗ್ಗ ಬಿಚ್ಚಿದ. ಹಾಳಾದ ಜಿಪ್ಪೊಂದು ಕಣ್ಣೆದುರು ಇರುವಾಗ ಅವನ ಕೈ ಬೇರೇನನ್ನೂ ಕೇಳುತ್ತಿರಲಿಲ್ಲ.

ಒಳಗಿನ ಸಾಮಾನನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಅಂಗಿಗಳನ್ನು ಮಡಿಸದೆ ಸಿಟ್ಟಿನಲ್ಲಿ ತುರುಕಲಾಗಿತ್ತು. ಆದರೆ ಅವುಗಳ ಕೆಳಗೆ ಅವನ ಸ್ವೆಟರ್ ಇತ್ತು. ಸೊಂಟ ನೋವಿಗೆ ಹಚ್ಚುವ ಮುಲಾಮು ಇತ್ತು. ಅವನ ತೆಳ್ಳನೆಯ ದಿಂಬು ಇತ್ತು, ಅದಿಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಜಿಪ್ಪಣ್ಣ ಮುಲಾಮಿನ ಟ್ಯೂಬನ್ನು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ.

"ಆ ರೂಮಲ್ಲಿ ಥಂಡಿ ಜಾಸ್ತಿ," ಎಂದಳು ಅವಳು, ಗೋಡೆ ನೋಡುತ್ತ.

ಅವನಿಗೆ ಅಳು ಬಂದುಬಿಟ್ಟಿತು. ಬಗ್ಗಿ ಕೆಲಸ ಹಿಡಿದ. ಬಾಗಿದ ರನ್ನರನ್ನು ಇಕ್ಕಳದಿಂದ ಕಿತ್ತು, ಡಬ್ಬಿಯಿಂದ ಹೊಸದನ್ನು ಆರಿಸಿ, ಉದುರಿದ ಹಲ್ಲುಗಳ ಜಾಗಕ್ಕೆ ಹೊಸ ತುಂಡು ಹೊಲಿಯುತ್ತ, ತಲೆ ಎತ್ತದೆಯೇ ಎಲ್ಲವನ್ನೂ ಹೇಳಿಬಿಟ್ಟ. ಕೀವರ್ಡು, ಎಲ್ಲವನ್ನೂ ಸೇರಿಸಿ ಎಂಬ ಗುಂಡಿ, ಓದಿ ನೋಡದೆ ಕಳಿಸಿದ್ದು, ಬೆಳಿಗ್ಗೆ ತಿಳಿದ ಮೇಲೂ ಇವರನ್ನೆಲ್ಲ ಸುಳ್ಳು ಹೇಳಿ ಕೂರಿಸಿದ್ದು. "ಬೆಕ್ಕೂ ಇಲ್ಲ, ಮನೇನೂ ಇಲ್ಲ, ಕೂದಲಂತೂ ನನಗೇ ಇಲ್ಲ. ನೀನು ಬೆಂಚು ತುಂಬಿದ್ದನ್ನ ಕಣ್ಣಾರೆ ನೋಡ್ಬೇಕು ಅಂದಿದ್ದೆಯಲ್ಲ, ಅದಕ್ಕೆ."

"ಅಂದ್ರೆ ಬೆಕ್ಕು ದಾರೀಲಿಲ್ವಾ?" ಎಂದರು ಬೆಕ್ಕಿನಮ್ಮ.

ಮೊದಲು ನಕ್ಕವಳು ವಿಚ್ಛೇದನಕ್ಕೆಂದು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿ. ಇನ್ನೊಂದು ತುದಿಯಿಂದ ಅವಳ ಗಂಡನೂ ನಕ್ಕ. ಮನೆ ನೋಡಲು ಬಂದಿದ್ದ ಯಜಮಾನರು ಬೈಯಬೇಕೆಂದು ಎದ್ದು ನಿಂತಿದ್ದರು. ಅಷ್ಟರಲ್ಲಿ ಜಿಪ್ಪಣ್ಣ ರನ್ನರನ್ನು ಹಿಡಿದು ಎಳೆದ. ವರ್ಷಗಟ್ಟಲೆ ಬಾಯಿ ತೆರೆದಿದ್ದ ಕೆಂಪು ಸೂಟ್‌ಕೇಸು ಸರ್ರನೆ ಒಂದೇ ಎಳೆತಕ್ಕೆ ಬಾಯಿ ಮುಚ್ಚಿತು. ಎಲ್ಲರೂ ಅದನ್ನೇ ನೋಡಿದರು. ಯಜಮಾನರು ಬೈಯುವುದನ್ನು ಬಿಟ್ಟು ತಮ್ಮ ಮೂಟೆಯೊಂದನ್ನು ಮುಂದೆ ತಳ್ಳಿ, "ಇದರದ್ದೂ ಹೀಗೇ ಆಗಿದೆ," ಎಂದರು. ಬೆಕ್ಕಿನಮ್ಮ ಕೈಯಲ್ಲಿದ್ದ ಖಾಲಿ ಚೀಲ ಎತ್ತಿ ತೋರಿಸಿದರು. ಬೆಕ್ಕು ತಪ್ಪಿಸಿಕೊಂಡದ್ದೇ ಅದರ ಕಿತ್ತುಹೋದ ಜಿಪ್ಪಿನಿಂದಂತೆ. ಅಧಿಕಾರಿ ನೋಟಿಸು ಹುಡುಕಲು ತಮ್ಮ ಬ್ಯಾಗಿಗೆ ಕೈಹಾಕಿದರು. ಅದರ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು.

"ಒಬ್ಬೊಬ್ರೇ ಬನ್ನಿ, ನೂಕಾಡ್ಬೇಡಿ," ಎಂದು ಎದ್ದು ನಿಂತವಳು ಜಿಪ್ಪಣ್ಣನ ಹೆಂಡತಿ. "ಬೆಕ್ಕಿನಮ್ಮ ಮೊದಲು ಬಂದೋರು. ಅಣ್ಣಾ, ನಿನ್ನ ಬ್ಯಾಗಿನ ಹಿಡಿಗೆ ಬಕೆಟ್ಟಿನ ತಂತಿ ಕಟ್ಟಿದ್ದೀಯಲ್ಲ, ನೀನೂ ಸಾಲಲ್ಲಿ ನಿಲ್ಲು."

ಕೆಂಪು ಸೂಟ್‌ಕೇಸು ಅಂದು ಸಂಜೆ ಗೋದಾಮಿಗೆ ಹೋಗಲಿಲ್ಲ. ಅತ್ತೆಯೇ ಅದನ್ನು ಉರುಳಿಸಿಕೊಂಡು ಮನೆಗೆ ಹೋಗಿ ದಿಂಬನ್ನು ಮಂಚದ ಮೇಲಿಟ್ಟರು.

ಸಲಹೆಗಾರರು ವಾರ ಕಳೆದು ಬಂದಾಗ ಅವರಿಗೆ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಸಮ್ಮೇಳನದಲ್ಲಿ ಟ್ರಾಲಿಯ ಚಕ್ರ ಮುರಿದುಕೊಂಡು ಬಂದಿದ್ದರು. "ನಾನು ಹೇಳಿರ್ಲಿಲ್ವಾ!" ಎಂದು ಎದೆ ತಟ್ಟಿಕೊಂಡರು. ಫೋನು ಈಗ ಜಿಪ್ಪಣ್ಣನ ಹೆಂಡತಿಯ ಸುಪರ್ದಿಯಲ್ಲಿತ್ತು. ಅವಳು ಬೆಂಚಿನ ಪಕ್ಕದ ಸ್ಟೂಲಿನಲ್ಲಿ ಕೂತು, 'ಎಲ್ಲಿದೆ'ಯಲ್ಲಿ ಗಿರಾಕಿಗಳು ಬರೆದ ಅಭಿಪ್ರಾಯವನ್ನು ಗಟ್ಟಿಯಾಗಿ ಓದುತ್ತಿದ್ದಳು:

"ವಿಚ್ಛೇದನಕ್ಕೆಂದು ಹೋಗಿದ್ದೆವು. ಮಾಡಿಕೊಡಲಿಲ್ಲ. ಚಕ್ರ ಮಾತ್ರ ಗಟ್ಟಿಯಾಗಿ ಕೂರಿಸಿದ್ದಾರೆ, ಇಬ್ಬರೂ ಪ್ರವಾಸ ಬಂದಿದ್ದೇವೆ. ಹೇಳಿದ ಕೆಲಸ ಮಾಡದ್ದಕ್ಕೆ ಒಂದೇ ನಕ್ಷತ್ರ."

"ಆ ಕೀವರ್ಡನ್ನ ಮೊದಲು ತೆಗೀರಿ ಅಮ್ಮಾ," ಎಂದರು ಸಲಹೆಗಾರರು ಗಾಬರಿಯಿಂದ.

"ಬೆಕ್ಕು ತೆಗೆದೆ, ಮನೆ ತೆಗೆದೆ, ಕೂದಲು ತೆಗೆದೆ," ಎಂದಳು ಅವಳು. "ಅದೊಂದು ಇರ್ಲಿ. ಸಿಟ್ಟಲ್ಲಿ ತುಂಬಿದ ಸೂಟ್‌ಕೇಸಿನ ಜಿಪ್ಪೇ ಮೊದಲು ಹೋಗೋದು."

ಜಿಪ್ಪಣ್ಣ ಸೂಜಿಗೆ ದಾರ ಪೋಣಿಸಿ, ಮುಂದಿನವರನ್ನು ಕರೆದ.